ಕಾಣುವುದು ಬೇರೆ, ಗುರುತಿಸುವುದು ಬೇರೆ: ಇಬ್ನುಲ್ ಹೈಥಮರಿಂದ ನಮ್ಮ ಕಾಲದವರೆಗೆ

ನಮ್ಮ ಹೊಳಲ್ಕೆರೆಯ ಮೊಹಲ್ಲಾದಲ್ಲಿ ಹಿರಿಯರೊಬ್ಬರಿದ್ದರು. ಹೆಸರು ಬೇಡ, ಎಲ್ಲರಂತೆ ನಾನೂ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದೆ. ಅಡಿಕೆ ವ್ಯಾಪಾರದ ಲೆಕ್ಕ ಬರೆಯುತ್ತ ಆಯುಷ್ಯ ಕಳೆದವರು. ಫಜರ್ ನಮಾಝಿನ ಬಳಿಕ ಮಸೀದಿಯಲ್ಲಿಯೇ ಕುಳಿತು ಕುರ್‌ಆನ್ ಓದುವುದು, ಆಮೇಲೆ ಚಹಾದಂಗಡಿಯಲ್ಲಿ ಕನ್ನಡ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವುದು ಅವರ ನಿತ್ಯದ ಕ್ರಮವಾಗಿತ್ತು. ಒಂದು ಬೆಳಿಗ್ಗೆ ಕುರ್‌ಆನ್ ತೆರೆದವರು ಬಹಳ ಹೊತ್ತು ಒಂದೇ ಪುಟವನ್ನು ನೋಡುತ್ತ ಕುಳಿತರು. ಬಳಿಕ ನನ್ನನ್ನು ಹತ್ತಿರ ಕರೆದು, "ಹಜ್ರತ್, ಕಣ್ಣು ಕಾಣ್ತಾ ಇದೆ. ಸಾಲು ಕಾಣ್ತದೆ, ಮಸಿ ಕಾಣ್ತದೆ. ಇದು ಯಾವ ಅಕ್ಷರ ಅಂತ ಮಾತ್ರ ತಿಳೀತಾ ಇಲ್ಲ" ಎಂದರು.

ಯಾಸೀನ್ ಸೂರಾವನ್ನು ಅವರು ಬಾಯಿಪಾಠವಾಗಿ ತಪ್ಪಿಲ್ಲದೆ ಹೇಳಿದರು. ಕಾಗದ ಕೊಟ್ಟಾಗ ತಮ್ಮ ಹೆಸರನ್ನು ಕನ್ನಡದಲ್ಲಿ ದುಂಡಗೆ ಬರೆದರು. ಆದರೆ ತಾವೇ ಬರೆದ ಹೆಸರನ್ನು ಸ್ವಲ್ಪ ಹೊತ್ತಿನ ನಂತರ ತೋರಿಸಿದರೆ ಓದಲಾರದಾದರು. ನಾವೆಲ್ಲ ನಮಗೆ ತಿಳಿದಂತೆ ಮಾತನಾಡಿದೆವು. ಕನ್ನಡಕ ಬದಲಿಸಬೇಕು ಎಂದರು ಕೆಲವರು. ನಜರ್ ತಾಗಿದೆ ಎಂದರು ಇನ್ನು ಕೆಲವರು. ಬರೆಯಲು ಬರುವವನಿಗೆ ಓದಲು ಬಾರದಿರುವುದುಂಟೇ, ವಯಸ್ಸಾದ ಮೇಲೆ ಹೀಗೆಯೇ ಹಟ ಮಾಡುತ್ತಾರೆ ಎಂದು ನಕ್ಕವರೂ ಇದ್ದರು. ನಾನು ದುಆ ಓದಿ ಊದಿ, ವಿಶ್ರಾಂತಿ ಪಡೆಯಿರಿ ಎಂದು ಹೇಳಿ ಕಳುಹಿಸಿದೆ. ಬಾಗಿಲು ದಾಟುವಾಗ ಅವರ ಬಲ ಭುಜ ಚೌಕಟ್ಟಿಗೆ ತಾಗಿದ್ದನ್ನು ಕಂಡೆ. ಅದರ ಅರ್ಥ ನನಗೆ ತಿಳಿಯಲಿಲ್ಲ. ಐದನೆಯ ದಿನ ಮಕ್ಕಳು ಅವರನ್ನು ದಾವಣಗೆರೆಗೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದರು. ಮೆದುಳಿನ ಹಿಂಭಾಗದ ಎಡಪಾರ್ಶ್ವಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಿತ್ತು. ಅದು ಲಕ್ವಾ. ಲಕ್ವಾ ಎಂದರೆ ಕೈಕಾಲು ಬೀಳುವುದು, ಬಾಯಿ ಸೊಟ್ಟಗಾಗುವುದು ಎಂದಷ್ಟೇ ನಾವು ತಿಳಿದಿದ್ದೆವು. ಅಕ್ಷರಗಳನ್ನು ಮಾತ್ರ ಕಸಿದುಕೊಂಡು ಹೋಗುವ ಲಕ್ವಾ ಕೂಡ ಇದೆಯೆಂದು ನಮ್ಮಲ್ಲಿ ಯಾರೂ ಅರಿತಿರಲಿಲ್ಲ.

ಆ ಐದು ದಿನಗಳು ನನ್ನ ಮನಸ್ಸಿನಿಂದ ಹೋಗಲಿಲ್ಲ. ಕಣ್ಣು ಕಾಣುತ್ತಿದ್ದರೂ ಗುರುತು ಸಿಗದಿರುವುದು ಹೇಗೆ ಸಾಧ್ಯ ಎಂಬ ಪ್ರಶ್ನೆಯನ್ನು ಹಿಡಿದು ಓದತೊಡಗಿದಾಗ, ಈ ಪ್ರಶ್ನೆಯ ಒಂದು ಭಾಗಕ್ಕೆ ಸಾವಿರ ವರ್ಷಗಳ ಹಿಂದೆಯೇ ನಮ್ಮ ವಿದ್ವಾಂಸರೊಬ್ಬರು ಉತ್ತರ ಬರೆದಿಟ್ಟಿದ್ದರು ಎಂಬುದು ತಿಳಿಯಿತು. ಮದರಸದಲ್ಲಿ ನಾವು ಅವರ ಹೆಸರನ್ನು ಹೆಮ್ಮೆಯಿಂದ ಹೇಳುತ್ತಿದ್ದೆವು. ಅವರು ಹೇಳಿದ್ದೇನು ಎಂಬುದನ್ನು ಮಾತ್ರ ಓದಿರಲಿಲ್ಲ.

ಅವರೇ ಅಬೂ ಅಲಿ ಅಲ್ ಹಸನ್ ಇಬ್ನುಲ್ ಹೈಥಮ್. ಸುಮಾರು ಕ್ರಿ.ಶ. 965ರಲ್ಲಿ ಬಸ್ರಾದಲ್ಲಿ ಜನಿಸಿದರು. ಸುಮಾರು 1040ರಲ್ಲಿ ಕೈರೋದಲ್ಲಿ ನಿಧನರಾದರು. ನೈಲ್ ನದಿಯ ಪ್ರವಾಹವನ್ನು ನಿಯಂತ್ರಿಸುವ ಯೋಜನೆಗಾಗಿ ಫಾತಿಮಿ ಖಲೀಫ ಅಲ್ ಹಾಕಿಮ್ ಅವರನ್ನು ಈಜಿಪ್ಟಿಗೆ ಕರೆಸಿಕೊಂಡನು. ಅಸ್ವಾನಿನ ಬಳಿಯ ಸ್ಥಳವನ್ನು ಕಣ್ಣಾರೆ ನೋಡಿದ ಮೇಲೆ, ಈ ಕೆಲಸ ತಮ್ಮಿಂದಾಗದು ಎಂಬುದು ಅವರಿಗೆ ಮನವರಿಕೆಯಾಯಿತು. ಖಲೀಫನ ಕೋಪಕ್ಕೆ ಅಂಜಿ ಅವರು ಹುಚ್ಚನಂತೆ ನಟಿಸಿದರೆಂದೂ, 1021ರಲ್ಲಿ ಅಲ್ ಹಾಕಿಮ್ ಇಲ್ಲವಾದ ಬಳಿಕವೇ ಆ ವೇಷ ಕಳಚಿದರೆಂದೂ ಹದಿಮೂರನೆಯ ಶತಮಾನದ ಇತಿಹಾಸಕಾರ ಇಬ್ನುಲ್ ಕಿಫ್ತಿ ಬರೆದಿದ್ದಾರೆ. ಆಮೇಲೆ ಅವರು ಅಲ್ ಅಝ್‌ಹರ್ ಮಸೀದಿಯ ಸಮೀಪದಲ್ಲಿ ನೆಲೆಸಿ, ಗಣಿತದ ಗ್ರಂಥಗಳನ್ನು ನಕಲು ಮಾಡಿ ಮಾರಿ ಜೀವನ ಸಾಗಿಸಿದರಂತೆ. ಅಕ್ಷರಗಳನ್ನು ನೋಡಿ ಬರೆಯುವುದೇ ಅವರ ಅನ್ನದ ದಾರಿಯಾಗಿತ್ತು ಎಂಬುದು ಗಮನಿಸಬೇಕಾದ ಸಂಗತಿ.

ಅವರ ಮುಖ್ಯ ಕೃತಿ ಏಳು ಭಾಗಗಳ 'ಕಿತಾಬುಲ್ ಮನಾಝಿರ್'. ಅದಕ್ಕಿಂತ ಮೊದಲು ದೃಷ್ಟಿಯ ಕುರಿತು ಗ್ರೀಕರಲ್ಲಿ ಹಲವು ಮತಗಳಿದ್ದವು. ಕಣ್ಣಿನಿಂದ ಕಿರಣಗಳು ಹೊರಟು ವಸ್ತುವನ್ನು ಮುಟ್ಟುತ್ತವೆ ಎಂದು ಯೂಕ್ಲಿಡ್ ಮತ್ತು ಟಾಲೆಮಿ ನಂಬಿದ್ದರು. ಇಬ್ನುಲ್ ಹೈಥಮರು ಇದನ್ನು ಒಪ್ಪಲಿಲ್ಲ. ಸೂರ್ಯನನ್ನು ದಿಟ್ಟಿಸಿದರೆ ಕಣ್ಣು ನೋಯುತ್ತದೆ. ಪ್ರಖರ ಬೆಳಕನ್ನು ನೋಡಿ ಕಣ್ಣು ಮುಚ್ಚಿದರೂ ಅದರ ಗುರುತು ಸ್ವಲ್ಪ ಹೊತ್ತು ಉಳಿಯುತ್ತದೆ. ಆದ್ದರಿಂದ ಹೊರಗಿನಿಂದ ಬಂದ ಬೆಳಕೇ ಕಣ್ಣಿನ ಮೇಲೆ ಪರಿಣಾಮ ಮಾಡುತ್ತದೆ ಎಂದು ಅವರು ವಾದಿಸಿದರು. ಶಾಲೆಯ ಪುಸ್ತಕಗಳಲ್ಲಿ ಅವರ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ನಮಗೆ ಬೇಕಾದ ವಿಷಯವಿರುವುದು ಅದೇ ಗ್ರಂಥದ ಎರಡನೆಯ ಭಾಗದಲ್ಲಿ.

ಬೆಳಕು ಕಣ್ಣನ್ನು ಹೊಕ್ಕ ಮಾತ್ರಕ್ಕೆ ನೋಟ ಪೂರ್ಣವಾಗುವುದಿಲ್ಲ ಎಂಬುದು ಅಲ್ಲಿನ ಸಾರ. ಬರಿಯ ಇಂದ್ರಿಯಕ್ಕೆ ದೊರಕುವುದು ಬೆಳಕು ಮತ್ತು ಬಣ್ಣ ಮಾತ್ರ. ದೂರ, ಗಾತ್ರ, ಆಕಾರ, ಚಲನೆ, ಸೌಂದರ್ಯ, ಹೋಲಿಕೆ, ವ್ಯತ್ಯಾಸ ಇವೆಲ್ಲವನ್ನೂ ಒಳಗಿನ ವಿವೇಚನಾ ಶಕ್ತಿ ಅಳೆದು, ಹೋಲಿಸಿ, ನೆನಪಿನೊಂದಿಗೆ ತಾಳೆ ನೋಡಿ ತಿಳಿಯುತ್ತದೆ. ಈ ಕೆಲಸ ಎಷ್ಟು ವೇಗವಾಗಿ ನಡೆಯುತ್ತದೆಯೆಂದರೆ, ತಾನು ತರ್ಕ ಮಾಡುತ್ತಿದ್ದೇನೆಂಬುದು ಮನುಷ್ಯನ ಅರಿವಿಗೇ ಬರುವುದಿಲ್ಲ. ಇದಕ್ಕೆ ಅವರು ಕೊಡುವ ಉದಾಹರಣೆ ಮನೆಯೊಳಗಿನದು. ಒಂದೇ ಜಾತಿಯ ಎರಡು ಹಣ್ಣುಗಳನ್ನು ಮಗುವಿನ ಮುಂದಿಟ್ಟರೆ ಅದು ಹೆಚ್ಚು ಚೆಂದವಿರುವುದನ್ನೇ ಆರಿಸುತ್ತದೆ. ಎರಡನ್ನೂ ಹೋಲಿಸದೆ ಆಯ್ಕೆ ಸಾಧ್ಯವಿಲ್ಲ. ಆದರೆ ಹೋಲಿಕೆ ಎಂದರೇನೆಂದು ಆ ಮಗುವಿಗೆ ತಿಳಿಯದು.

ಗುರುತಿಸುವಿಕೆಯನ್ನು ಅವರು 'ಮಅ್‌ರಿಫಃ' ಎಂದು ಕರೆದು ಪ್ರತ್ಯೇಕವಾಗಿ ವಿವರಿಸುತ್ತಾರೆ. ಹಿಂದೆ ಕಂಡ ರೂಪವು ನೆನಪಿನಲ್ಲಿ ಉಳಿದಿದ್ದರೆ ಮಾತ್ರ ಇಂದು ಕಂಡದ್ದು ಪರಿಚಿತವೆನಿಸುತ್ತದೆ. ನೆನಪಿನಲ್ಲಿ ಇಲ್ಲದಿದ್ದರೆ ಕಂಡರೂ ಗುರುತು ಸಿಗದು. ಪರಿಚಿತ ವಸ್ತುವಿಗೆ ಒಂದು ಕುರುಹು ಸಾಕು. ಮನುಷ್ಯನ ಕೈಯೊಂದನ್ನು ಕಂಡೊಡನೆ ಅಲ್ಲಿರುವುದು ಮನುಷ್ಯ ಎಂದು ತಿಳಿಯುತ್ತದೆ. ಇನ್ನೊಂದು ಉದಾಹರಣೆಯನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಚಾಚಾ ಅವರನ್ನು ನೆನೆದೆ. ಅಲಿಫ್, ಬೇ, ಜೀಮ್, ದಾಲ್ ಸೇರಿದ 'ಅಬ್ಜದ್' ಎಂಬ ಪದವನ್ನು ಕಾಗದದ ಮೇಲೆ ಕಂಡೊಡನೆ ಅಕ್ಷರಸ್ಥನು ಅದನ್ನು ಅಬ್ಜದ್ ಎಂದು ತಿಳಿಯುತ್ತಾನೆ. ಒಂದೊಂದೇ ಅಕ್ಷರವನ್ನು ಕೂಡಿಸುತ್ತ ಕೂರುವುದಿಲ್ಲ, ಏಕೆಂದರೆ ಆ ಪದದ ರೂಪವೇ ಅವನ ನೆನಪಿನಲ್ಲಿ ನೆಲೆಸಿದೆ ಎನ್ನುತ್ತಾರೆ ಇಬ್ನುಲ್ ಹೈಥಮ್. ನಮ್ಮ ಮಕ್ತಬಿಗೆ ಬರುವ ಮಕ್ಕಳು ಮೊದಲ ವರ್ಷ ಅಕ್ಷರ ಕೂಡಿಸುತ್ತಾರೆ, ಎರಡನೆಯ ವರ್ಷ ಪದವನ್ನೇ ಹಿಡಿಯುತ್ತಾರೆ. ನಡುವೆ ಆಗುವ ಬದಲಾವಣೆ ಕಣ್ಣಿನಲ್ಲಿ ಆಗುವುದಲ್ಲ.

ಅವರು ಹೇಳಿದ್ದೆಲ್ಲವೂ ಸರಿಯಾಗಿತ್ತೆಂದು ನಾವು ಸಾಧಿಸಬೇಕಾಗಿಲ್ಲ. ಎರಡು ಕಣ್ಣುಗಳ ನರಗಳು ಒಂದೆಡೆ ಕೂಡಿ, ಅಲ್ಲಿಂದ ರೂಪವು ಮೆದುಳಿನ ಮುಂಭಾಗವನ್ನು ತಲುಪುತ್ತದೆ ಎಂದು ಅವರು ಭಾವಿಸಿದ್ದರು. ನರಗಳು ಕೂಡುವುದು ನಿಜ; ಆದರೆ ದೃಷ್ಟಿಯ ನೆಲೆ ಮೆದುಳಿನ ಹಿಂಭಾಗದಲ್ಲಿದೆ. ಅವರ ಸಮಕಾಲೀನರಾದ ಇಬ್ನು ಸೀನಾ (980–1037) ಕೂಡ ಒಳಗಿನ ಇಂದ್ರಿಯಗಳನ್ನು ವಿಂಗಡಿಸಿ, ಕಂಡದ್ದನ್ನು ಕೂಡಿಸುವ ಶಕ್ತಿ ಬೇರೆ, ಅದನ್ನು ಕಾಪಿಡುವ ಶಕ್ತಿ ಬೇರೆ, ಅದರ ಅರ್ಥವನ್ನು ಗ್ರಹಿಸುವ ಶಕ್ತಿ ಬೇರೆ ಎಂದಿದ್ದರು. ತೋಳದ ಬಣ್ಣ ಮತ್ತು ಆಕಾರವನ್ನು ಕಣ್ಣು ಕಾಣುತ್ತದೆ. ಅದು ವೈರಿ ಎಂಬುದನ್ನು ಕುರಿಯ ಒಳಗಿನ ಇನ್ನೊಂದು ಶಕ್ತಿ ತಿಳಿಯುತ್ತದೆ ಎಂಬುದು ಅವರ ಹೆಸರಾಂತ ಉದಾಹರಣೆ. ಇಬ್ಬರೂ ಮೆದುಳಿನೊಳಗೆ ತೋರಿಸಿದ ಜಾಗಗಳು ತಪ್ಪಾಗಿದ್ದವು. ಆದರೆ ಕಾಣುವುದು ಒಂದೇ ಕೆಲಸವಲ್ಲ, ಹಲವು ಕೆಲಸಗಳ ಸರಪಳಿ ಎಂಬ ಮಾತು ನಿಂತಿತು. ಮನಾಝಿರ್ ಗ್ರಂಥವು ಸುಮಾರು 1200ರ ವೇಳೆಗೆ ಲ್ಯಾಟಿನ್ ಭಾಷೆಗೆ ಅನುವಾದವಾಗಿ, 1572ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾಯಿತು. ಯುರೋಪಿನ ವಿದ್ವಾಂಸರು ಶತಮಾನಗಳ ಕಾಲ ಅದನ್ನು ಓದಿದರು.

ಆ ಸರಪಳಿಯ ಒಂದು ಕೊಂಡಿ ಕಳಚಿದರೆ ಏನಾಗುತ್ತದೆ? ಇದನ್ನು ತೋರಿಸಿಕೊಟ್ಟದ್ದು ಹತ್ತೊಂಬತ್ತನೆಯ ಶತಮಾನದ ವೈದ್ಯರು. 1870ರ ದಶಕದ ಕೊನೆಯಲ್ಲಿ ಬರ್ಲಿನ್ನಿನ ಹರ್ಮನ್ ಮುಂಕ್ ನಾಯಿಗಳ ಮೆದುಳಿನ ಹಿಂಭಾಗದ ಒಂದು ಅಂಶವನ್ನು ತೆಗೆದು ನೋಡಿದನು. ಆ ನಾಯಿಗಳು ಅಡ್ಡವಿದ್ದ ವಸ್ತುಗಳನ್ನು ಬಳಸಿಕೊಂಡು ನಡೆಯುತ್ತಿದ್ದವು, ಆದರೆ ಅನ್ನದ ಪಾತ್ರೆಯನ್ನು ಕಂಡರೂ ಅದೇನೆಂದು ಅರಿಯುತ್ತಿರಲಿಲ್ಲ. ಇದನ್ನು ಆತ ಮನಸ್ಸಿನ ಕುರುಡು ಎಂದು ಕರೆದನು. 1890ರಲ್ಲಿ ಹೈನ್ರಿಚ್ ಲಿಸಾವರ್ ಎಂಬ ವೈದ್ಯನು ಎಂಬತ್ತು ವರ್ಷದ ವ್ಯಾಪಾರಿಯೊಬ್ಬರಲ್ಲಿ ಇಂಥದೇ ಸ್ಥಿತಿಯನ್ನು ವಿವರಿಸಿ, ಅದರಲ್ಲಿ ಎರಡು ಬಗೆಗಳಿವೆ ಎಂದನು. ಒಂದರಲ್ಲಿ ಕಂಡ ಚೂರುಗಳು ಕೂಡಿ ಪೂರ್ಣರೂಪವೇ ಆಗುವುದಿಲ್ಲ. ಇನ್ನೊಂದರಲ್ಲಿ ರೂಪ ಸರಿಯಾಗಿ ಕೂಡಿದರೂ ಅದು ನೆನಪಿನೊಂದಿಗೆ ಸೇರುವುದಿಲ್ಲ. ಮರುವರ್ಷ ಸಿಗ್ಮಂಡ್ ಫ್ರಾಯ್ಡ್ ಇದಕ್ಕೆ ಇಂದಿಗೂ ಬಳಕೆಯಲ್ಲಿರುವ 'ಅಗ್ನೋಸಿಯಾ' ಎಂಬ ಹೆಸರನ್ನಿಟ್ಟನು. ಅರಿವಿಲ್ಲದಿರುವುದು ಎಂದು ಅದರ ಅರ್ಥ.

ನಮ್ಮ ಚಾಚಾ ಅವರ ಸ್ಥಿತಿಗೆ ತೀರ ಹತ್ತಿರವಾದದ್ದು 1892ರಲ್ಲಿ ಪ್ಯಾರಿಸ್ಸಿನ ಜೂಲ್ಸ್ ಡೆಜೆರಿನ್ ಪ್ರಕಟಿಸಿದ ವರದಿ. ವಿದ್ಯಾವಂತ ವ್ಯಾಪಾರಿಯೊಬ್ಬರಿಗೆ ಇದ್ದಕ್ಕಿದ್ದಂತೆ ಅಕ್ಷರಗಳು ತಿಳಿಯದಾದವು. ಅವರು ಮಾತನಾಡಬಲ್ಲವರಾಗಿದ್ದರು, ವಸ್ತುಗಳನ್ನೂ ಮುಖಗಳನ್ನೂ ಗುರುತಿಸಬಲ್ಲವರಾಗಿದ್ದರು, ಬರೆಯಬಲ್ಲವರೂ ಆಗಿದ್ದರು. ಆದರೆ ತಾವು ಬರೆದದ್ದನ್ನು ಓದಲಾರರು. ತಮ್ಮ ದೋಷ ಕಣ್ಣಿನದೆಂದೇ ತಿಳಿದು ಅವರು ಮೊದಲು ಹೋದದ್ದು ಕಣ್ಣಿನ ವೈದ್ಯರ ಬಳಿಗೆ. ಕನ್ನಡಕ ಬದಲಿಸಿರಿ ಎಂದ ನಮ್ಮ ಮೊಹಲ್ಲಾದವರು ಆ ಮಟ್ಟಿಗೆ ಒಬ್ಬಂಟಿಗಳಲ್ಲ. ಅವರಿಗೂ ಬಲಭಾಗದ ನೋಟ ಹೋಗಿತ್ತು. ನಿಧನದ ನಂತರ ಮೆದುಳನ್ನು ಪರೀಕ್ಷಿಸಿದಾಗ ಎಡ ಹಿಂಭಾಗವೂ, ಎಡಬಲಗಳನ್ನು ಜೋಡಿಸುವ ನರಸೇತುವೆಯ ಹಿಂದಿನ ತುದಿಯೂ ಹಾಳಾಗಿದ್ದವು. ವೈದ್ಯರು ಇದನ್ನು ಶುದ್ಧ ಅಲೆಕ್ಸಿಯಾ ಎನ್ನುತ್ತಾರೆ. ಕನ್ನಡದಲ್ಲಿ ಪದಾಂಧತೆ ಎನ್ನಬಹುದು.

ಹೀಗೇಕಾಗುತ್ತದೆ ಎಂಬುದನ್ನು ಇಂದು ಸ್ಪಷ್ಟವಾಗಿ ಹೇಳಬಹುದು. ಪ್ರತಿಯೊಂದು ಕಣ್ಣಿನಿಂದಲೂ ಸುಮಾರು 10 ಲಕ್ಷ ತಂತುಗಳ ನರ ಹೊರಡುತ್ತದೆ. ದಾರಿಯಲ್ಲಿ ಅರ್ಧದಷ್ಟು ತಂತುಗಳು ಆ ಕಡೆಯಿಂದ ಈ ಕಡೆಗೆ ದಾಟುವುದರಿಂದ, ನಮ್ಮ ಬಲಗಡೆಯ ಜಗತ್ತು ಎಡ ಮೆದುಳನ್ನೂ ಎಡಗಡೆಯ ಜಗತ್ತು ಬಲ ಮೆದುಳನ್ನೂ ತಲುಪುತ್ತದೆ. ಹಿಂಭಾಗದಲ್ಲಿ ಮೊದಲು ಗೆರೆ, ಅಂಚು, ಬಣ್ಣಗಳು ವಿಂಗಡವಾಗುತ್ತವೆ. ಅಲ್ಲಿಂದ ಮೇಲಿನ ದಾರಿಯೊಂದು ವಸ್ತು ಎಲ್ಲಿದೆ, ಅದರತ್ತ ಕೈ ಹೇಗೆ ಚಾಚಬೇಕು ಎಂಬುದರ ಕಡೆಗೂ, ಕೆಳಗಿನ ದಾರಿಯೊಂದು ಅದು ಏನು ಎಂಬುದರ ಕಡೆಗೂ ಸಾಗುತ್ತವೆ. ಕೆಳಗಿನ ದಾರಿಯಲ್ಲಿ, ಹೆಚ್ಚಿನವರಲ್ಲಿ ಎಡಬದಿಗೆ ಅಕ್ಷರ ಮತ್ತು ಪದಗಳಿಗೆ ಒಗ್ಗಿದ ಒಂದು ನೆಲೆಯಿದೆ. ಮುಖಗಳಿಗೆ ಒಗ್ಗಿದ ನೆಲೆ ಬಲಬದಿಯಲ್ಲಿ ಹೆಚ್ಚು ಬಲವಾಗಿದೆ. ಎಡ ಹಿಂಭಾಗ ಕೆಟ್ಟಾಗ ಬಲಗಡೆಯ ಜಗತ್ತು ಕಾಣದು. ಎಡಗಡೆಯಿಂದ ಕಂಡ ಅಕ್ಷರವು ಬಲ ಮೆದುಳನ್ನು ತಲುಪಿದರೂ, ನರಸೇತುವೆ ಕಡಿದಿರುವುದರಿಂದ ಅಕ್ಷರದ ನೆಲೆಗೆ ದಾಟಲಾರದು. ಬರೆಯುವ ಕೈಯ ನೆನಪು, ಬಾಯಿಪಾಠದ ನೆನಪು ಬೇರೆ ಕಡೆ ಇರುವುದರಿಂದ ಅವು ಉಳಿಯುತ್ತವೆ. ಚಾಚಾ ಅವರ ಭುಜ ಬಾಗಿಲ ಚೌಕಟ್ಟಿಗೆ ತಾಗಿದ್ದೂ, ಯಾಸೀನ್ ತಪ್ಪದೆ ಬಂದದ್ದೂ ಒಂದೇ ಕಾರಣದ ಎರಡು ಮುಖಗಳಾಗಿದ್ದವು.

ಇದು ದೂರದ ದೇಶಗಳ ವಿಷಯವಷ್ಟೇ ಅಲ್ಲ. ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲ ವ್ಯಕ್ತಿಯೊಬ್ಬರಲ್ಲಿ ಕಂಡುಬಂದ ಶುದ್ಧ ಅಲೆಕ್ಸಿಯಾವನ್ನು ವಾಕ್ ಮತ್ತು ಭಾಷಾ ತಜ್ಞೆ ಪ್ರತಿಭಾ ಕಾರಂತ ಅವರು 1981ರಲ್ಲಿ 'ಕಾರ್ಟೆಕ್ಸ್' ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ವಿವರಿಸಿದರು. ಅದುವರೆಗೆ ಇಂಥ ವಿವರಣೆಗಳಲ್ಲಿ ಹೆಚ್ಚಿನವು ಯುರೋಪಿನ ಭಾಷೆಗಳ ಓದುಗರದಾಗಿದ್ದವು. ಕನ್ನಡದ ಬರಹ ಅವುಗಳಿಗಿಂತ ಬೇರೆ. ವ್ಯಂಜನದ ಸುತ್ತ ತಲೆಕಟ್ಟು, ಗುಡಿಸು, ಕೊಂಬು, ಒತ್ತಕ್ಷರ ಸೇರಿ ಒಂದೊಂದು ಅಕ್ಷರವೂ ಒಂದು ಪುಟ್ಟ ಚಿತ್ರವಾಗುತ್ತದೆ. ಅರಬಿ ಮತ್ತು ಉರ್ದುವಿನಲ್ಲಿಯಾದರೋ ಒಂದೇ ಅಕ್ಷರ ಪದದ ಆದಿ, ಮಧ್ಯ, ಅಂತ್ಯಗಳಲ್ಲಿ ರೂಪ ಬದಲಿಸುತ್ತದೆ. ನಮ್ಮ ಮನೆಗಳಲ್ಲಿ ಒಬ್ಬನೇ ಮನುಷ್ಯ ಈ ಎರಡು ಬಗೆಯ ಲಿಪಿಗಳನ್ನೂ, ಜೊತೆಗೆ ಇಂಗ್ಲಿಷನ್ನೂ ಓದುತ್ತಾನೆ. ನಮ್ಮ ಹಿರಿಯರಿಗೆ ಬರುವ ಇಂಥ ತೊಂದರೆಯನ್ನು ಅರಿಯಲು ನಮ್ಮ ನಾಡಿನಲ್ಲಿಯೇ ನಡೆದ ಅಧ್ಯಯನಗಳು ಎಷ್ಟು ಅಗತ್ಯವೆಂಬುದು ಇದರಿಂದ ತಿಳಿಯುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ಪಿ. ಅರುಣ್ ಮತ್ತು ಅವರ ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಬ್ನುಲ್ ಹೈಥಮರ ಅಬ್ಜದ್ ಉದಾಹರಣೆಯ ಮುಂದಿನ ಅಧ್ಯಾಯದಂತಿದೆ. ತೆಲುಗು ಮಾತ್ರ ಓದಬಲ್ಲವರಿಗೂ ಮಲಯಾಳಂ ಮಾತ್ರ ಓದಬಲ್ಲವರಿಗೂ ಎರಡೂ ಲಿಪಿಗಳನ್ನು ತೋರಿಸಿ ಹೋಲಿಸಲಾಯಿತು. ಕಣ್ಣುಗಳು ಒಂದೇ, ತೋರಿಸಿದ ಅಕ್ಷರಗಳೂ ಒಂದೇ. ಆದರೆ ತಾನು ಬಲ್ಲ ಲಿಪಿಯಲ್ಲಿ ಅಕ್ಕಪಕ್ಕದ ಅಕ್ಷರಗಳು ಒಂದಕ್ಕೊಂದು ತೊಡಕಾಗುವುದು ಕಡಿಮೆ. ಆದ್ದರಿಂದ ಪದದೊಳಗಿನ ಅಕ್ಷರಗಳು ನೋಟಕ್ಕೆ ಸುಲಭವಾಗಿ ಬಿಡಿಸಿಕೊಳ್ಳುತ್ತವೆ. ಓದುವ ಅಭ್ಯಾಸವು ಮೆದುಳಿನ ನೋಟವನ್ನೇ ಬದಲಿಸುತ್ತದೆ ಎಂದಾಯಿತು. ಅಕ್ಷರದ ನೆಲೆಯನ್ನು ಯಾವ ಮಗುವೂ ಸಿದ್ಧವಾಗಿ ಹೊತ್ತು ಹುಟ್ಟುವುದಿಲ್ಲ. ಖಾಯಿದಾ ಹಿಡಿದು ಕುಳಿತ ದಿನಗಳು ಅದನ್ನು ಕಟ್ಟುತ್ತವೆ. ತಡವಾಗಿ ಅಕ್ಷರ ಹಿಡಿಯುವ ಮಗುವಿನ ಮೇಲೆ ಕೈಯೆತ್ತುವ ಮುನ್ನ ನನ್ನಂಥ ಶಿಕ್ಷಕರು ಈ ಮಾತನ್ನು ನೆನೆಯಬೇಕು.

ಅಕ್ಷರಗಳಂತೆ ಮುಖಗಳ ಗುರುತೂ ಅಳಿಯಬಹುದು. 1947ರಲ್ಲಿ ಜರ್ಮನ್ ವೈದ್ಯ ಯೋವಾಕಿಮ್ ಬೋಡಮರ್, ತಲೆಗೆ ಪೆಟ್ಟುಬಿದ್ದ ಸೈನಿಕರಲ್ಲಿ ಇದನ್ನು ಕಂಡು 'ಪ್ರೊಸೊಪಗ್ನೋಸಿಯಾ' ಎಂದು ಹೆಸರಿಸಿದನು. ಕೆಲವರಲ್ಲಿ ಇದು ಪೆಟ್ಟಿಲ್ಲದೆ ಹುಟ್ಟಿನಿಂದಲೇ ಇರುತ್ತದೆ. ಅವರು ಕಣ್ಣು, ಮೂಗು, ಗಡ್ಡ ಎಲ್ಲವನ್ನೂ ಕಾಣುತ್ತಾರೆ. ಅದು ಯಾರ ಮುಖ ಎಂಬುದು ಮಾತ್ರ ತಿಳಿಯದು. ದನಿ ಕೇಳಿದೊಡನೆ, ನಡಿಗೆ ಕಂಡೊಡನೆ ತಿಳಿದುಕೊಳ್ಳುತ್ತಾರೆ. ಇಂಥವರು ದಾರಿಯಲ್ಲಿ ಎದುರಾದಾಗ ಸಲಾಮ್ ಹೇಳದೆ ಅಪರಿಚಿತರಂತೆ ಸಾಗಿದರೆ ನಾವು ಏನೆನ್ನುತ್ತೇವೆ? ಹಣ ಬಂದಿದೆ, ಅಹಂಕಾರ ಬಂದಿದೆ, ಹಳೆಯದನ್ನು ಮರೆತಿದ್ದಾನೆ ಎನ್ನುತ್ತೇವೆ. ಅಹಂಕಾರಿಗಳು ಇಲ್ಲವೆಂದಲ್ಲ. ಆದರೆ ಒಬ್ಬನ ನಡೆಯನ್ನು ನೋಡಿ ಅವನ ಹೃದಯದ ತೀರ್ಪು ಕೊಡುವಷ್ಟು ಜ್ಞಾನ ನಮಗಿದೆಯೇ?

ಕುರ್‌ಆನಿನ ಯೂಸುಫ್ ಅಧ್ಯಾಯದಲ್ಲಿ ಧಾನ್ಯಕ್ಕಾಗಿ ಬಂದ ಸಹೋದರರನ್ನು ಪ್ರವಾದಿ ಯೂಸುಫ್(ಅ) ಗುರುತಿಸಿದರು; ಅವರು ಯೂಸುಫರನ್ನು ಗುರುತಿಸಲಿಲ್ಲ. ದುಃಖದಿಂದ ದೃಷ್ಟಿ ಕಳೆದುಕೊಂಡಿದ್ದ ಯಾಕೂಬ್(ಅ) ದೂರದಿಂದಲೇ ಮಗನ ಪರಿಮಳವನ್ನು ಅರಿತರು. ಆ ವೃತ್ತಾಂತವನ್ನು ವೈದ್ಯಶಾಸ್ತ್ರದ ಪಾಠವನ್ನಾಗಿ ಎಳೆಯುವುದು ಸರಿಯಲ್ಲ. ಅದರ ಉದ್ದೇಶ ಬೇರೆ. ಆದರೂ ನೋಡುವವರೆಲ್ಲ ಗುರುತಿಸುವುದಿಲ್ಲ ಎಂಬುದನ್ನು ನಾವು ಬಾಲ್ಯದಿಂದಲೇ ಕೇಳುತ್ತ ಬೆಳೆದವರು. ಅತಿಯಾದ ಗುಮಾನಿಯಿಂದ ದೂರವಿರಬೇಕೆಂಬ ಹುಜುರಾತ್ ಅಧ್ಯಾಯದ ಆದೇಶವನ್ನೂ ಮಿಂಬರಿನಿಂದ ಎಷ್ಟೋ ಸಲ ಕೇಳಿದ್ದೇವೆ. ಹೀಗಿದ್ದೂ ಚಾಚಾ ಅವರ ಮಾತನ್ನು ನಾವು ಐದು ದಿನ ನಂಬಲಿಲ್ಲ.

ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ ಇಷ್ಟೆ. ಮನೆಯ ಹಿರಿಯರೊಬ್ಬರು ಅಕ್ಷರ ತಿಳಿಯುತ್ತಿಲ್ಲ, ಒಂದು ಬದಿ ಕಾಣುತ್ತಿಲ್ಲ, ಪರಿಚಿತ ಮುಖ ಗುರುತು ಸಿಗುತ್ತಿಲ್ಲ ಎಂದು ಹಠಾತ್ತನೆ ಹೇಳಿದರೆ ಅದನ್ನು ಲಕ್ವಾ ಎಂದೇ ಶಂಕಿಸಿ, ಆ ಗಳಿಗೆಯಲ್ಲಿಯೇ 108ಕ್ಕೆ ಕರೆ ಮಾಡಿ ಅಥವಾ ಸ್ಕ್ಯಾನ್ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳ ಒಳಗೆ ಕೊಡಬೇಕಾಗುತ್ತದೆ. ಹೊಳಲ್ಕೆರೆಯಂಥ ಊರಿನಿಂದ ಹೊರಡುವವರಿಗೆ ಅದರಲ್ಲಿ ದಾರಿಯ ಸಮಯವೂ ಸೇರಿರುತ್ತದೆ. ದುಆ ಮಾಡಿರಿ, ಖಂಡಿತ ಮಾಡಿರಿ. ವಾಹನದಲ್ಲಿ ಕುಳಿತು ಮಾಡಿರಿ.

ಚಾಚಾ ಅವರಿಗೆ ಮೊದಲಿನ ಓದು ಮರಳಲಿಲ್ಲ. ಆದರೆ ಅವರ ಮೊಮ್ಮಗಳು ಒಂದು ದಾರಿ ಕಂಡುಕೊಂಡಳು. ಅಜ್ಜನ ಬೆರಳನ್ನು ಹಿಡಿದು ಅಕ್ಷರದ ಮೇಲೆ ತಿದ್ದಿಸಿದರೆ ಅವರು, "ಇದು ಮೀಮ್, ಇದು ನೂನ್" ಎನ್ನುತ್ತಿದ್ದರು. ಕಣ್ಣು ತಲುಪಲಾರದಲ್ಲಿಗೆ ಕೈ ತಲುಪುತ್ತಿತ್ತು. ಡೆಜೆರಿನ್ನನ ರೋಗಿಯೂ ಹೀಗೆಯೇ ಅಕ್ಷರಗಳನ್ನು ಕೈಯಿಂದ ತಿದ್ದಿ ತಿಳಿಯುತ್ತಿದ್ದರೆಂದು ನಾನು ಓದಿದ್ದು ಬಹಳ ಕಾಲದ ಮೇಲೆ. ಆ ಹುಡುಗಿ ಯಾವ ಪುಸ್ತಕವನ್ನೂ ಓದಿರಲಿಲ್ಲ. ಅಜ್ಜ ಹೇಳಿದ್ದು ಸುಳ್ಳಲ್ಲ ಎಂದು ಮೊದಲ ದಿನವೇ ನಂಬಿದ್ದಳು. ಹೀಗೆ ದಿನಕ್ಕೆ ಒಂದೆರಡು ಸಾಲುಗಳನ್ನು ಅವರು ಕೊನೆಯ ವರ್ಷದವರೆಗೂ ಓದಿದರು.

ಅಲ್ಲಾಹನು ಅವರ ಮೇಲೆ ಕರುಣೆ ತೋರಲಿ. ಕಂಡದ್ದನ್ನು ಗುರುತಿಸುವ ಶಕ್ತಿ ನಮ್ಮಲ್ಲಿ ಉಳಿದಿರುವವರೆಗೆ ಅದರ ಬೆಲೆಯನ್ನು ಅರಿಯುವ ಬುದ್ಧಿಯನ್ನೂ, ಅದು ಇಲ್ಲದವರ ಮಾತನ್ನು ನಂಬುವ ಮನಸ್ಸನ್ನೂ ನಮಗೆ ದಯಪಾಲಿಸಲಿ. ಆಮೀನ್.